ದಾಡಿ ಮಾಡೂವಾಗ ಕೊಯ್ಯೂ ಮಚ್ಚಿ, ತಗಸಬೇಕೋ ಬ್ಯಾಡೋ?

ಇಂಡಿ_ರೋಡ್:
ನಮಸ್ಕಾರ್ರಿ ಎಲ್ಲಾರಿಗೂ. ಬಿಜಾಪುರದಾಂವ, ವಯಸ್ಸು 36. ಎಡಗಡೆ ದವಡಿ ಮ್ಯಾಲ ಸಣ್ಣಾಂವ ಇದ್ದಾಗಿಂದ ಒಂದ ಮಚ್ಚಿ ಐತ್ರಿ, ತೊಗರಿ ಕಾಳಿನಷ್ಟ ಉಬ್ಬೇತಿ, ಅದರಾಗ ಎರಡ ಕೂದ್ಲಾನೂ ಅದಾವ. ದಾಡಿ ಮಾಡೂವಾಗ ಬ್ಲೇಡ್ ಬಡದು ತಿಂಗಳಿಗೆ ಎರಡ ಸಲಾನರ ರಕ್ತ ಬರತೈತಿ. ಹೆಂಡ್ತಿ ತಗಸ್ರಿ ಅಂತಾಳ, ನಮ್ಮವ್ವ ಅದು ಅದೃಷ್ಟದ ಮಚ್ಚಿ ನಿಮ್ಮಪ್ಪಗೂ ಅಲ್ಲೇ ಇತ್ತು ಮುಟ್ಟಬ್ಯಾಡ ಅಂತಾಳ, ಕಟಿಂಗ್ ಅಂಗಡ್ಯಾಂವ ಕುದರಿ ಬಾಲದ ಕೂದ್ಲಾ ಕಟ್ರಿ ಎಂಟ ದಿನದಾಗ ಉದರತೈತಿ ಅಂದ. ಒಂದ ಲೇಸರ್ ಕ್ಲಿನಿಕ್‌ನಾಗ ಕೇಳಿದ್ರ ಹತ್ತ ನಿಮಿಷದ ಕೆಲಸ, ಕೂಡ್ರಿ ಈಗ ಸುಟ್ಟ ಕಳಸ್ತೀವಿ ಅಂದ್ರು, ಸರಿಯಾಗಿ ನೋಡ್ಲೂ ಇಲ್ಲ, ಅದಕ್ಕ ಹೆದರಿ ಎದ್ದ ಬಂದೆ. ತಗಸಿದಾವ್ರು ಯಾರರ ಇದ್ರ ಹೇಳ್ರಿ, ಕಲಿ ಉಳೀತೈತೇನು?

ಕುಂದಾ_ಪ್ರೇಮಿ:
ಕುದರಿ ಕೂದ್ಲಾ ಗಿದ್ಲಾ ಏನೂ ಕಟಗೋಬ್ಯಾಡ್ರಿ ಮಾರಾಯ್ರ, ಕೀವ ಆದ್ರ ಯಾರು ನೋಡೂದು. ನಮ್ಮ ಕಾಕಾ ಸುಣ್ಣ ಸೋಡಾ ಕಲಿಸಿ ಹಚ್ಕೊಂಡಿದ್ರು, ಮಚ್ಚಿ ಹೋತು ಖರೆ, ಸುತ್ತಲಿನ ಚರ್ಮಾನೂ ಸುಟ್ಟ ಗಲ್ಲದ ಮ್ಯಾಲ ತಗ್ಗ ಬಿತ್ತು. ಮಚ್ಚಿ ಎಲ್ಲಿ ಮುಗೀತು ಚರ್ಮಾ ಎಲ್ಲಿಂದ ಚಾಲೂ ಆತು ಅಂತ ಸುಣ್ಣಕ್ಕೇನ ಗೊತ್ತಿರತೈತಿ.

ಲ್ಯಾಬ್_ಅಕ್ಕ:
ಎದ್ದ ಬಂದದ್ದ ಚಲೋ ಮಾಡಿದ್ರಿ ಅಣ್ಣಾರ. ನಾ ಬಾಗಲಕೋಟ್ಯಾಗ ಬಯಾಪ್ಸಿ (ಮೈಯಿಂದ ತಗದ ತುಣುಕ ಪರೀಕ್ಷಾ ಮಾಡೂ) ಲ್ಯಾಬಿನಾಗ ಕೆಲಸ ಮಾಡತೀನಿ, ಡಾಕ್ಟರ್ ಅಲ್ಲ, ಆದ್ರ ಇದೊಂದ ಹೇಳಾಕಬೇಕು. ಲೇಸರ್‌ಲೆ ಸುಟ್ರ ಪರೀಕ್ಷಾಕ್ಕ ಕಳಸಾಕ ತುಣುಕ ಉಳಿಯೂದಿಲ್ಲ. ಅದು ಏನಿತ್ತು ಅಂತ ಆಮ್ಯಾಲ ಯಾರಿಗೂ ಗೊತ್ತಾಗೂದಿಲ್ಲ. ಅದಕ್ಕ ಮೊದಲ ಚರ್ಮದ ಡಾಕ್ಟರಿಗೆ ತೋರಸ್ರಿ, ಅವ್ರು ಡರ್ಮೋಸ್ಕೋಪ್ ಅಂತ ಚರ್ಮಾ ದೊಡ್ಡದ ಮಾಡಿ ತೋರಸೂ ಭೂತಗನ್ನಡಿ ಹಚ್ಚಿ ನೋಡ್ತಾರ. ಉಬ್ಬಿದ ಮಚ್ಚಿನ ಬ್ಲೇಡ್‌ಲೆ ಚರ್ಮದ ಮಟ್ಟಕ್ಕ ಕೆರದ ತಗೀತಾರ, ಇಲ್ಲಾ ಪೂರಾ ಕೊಯ್ದ ಹೊಲಿಗಿ ಹಾಕ್ತಾರ, ಎರಡರಾಗೂ ತುಣುಕ ಕೆಡದಂಗ ಇಡೂ ಫಾರ್ಮಲಿನ್ ದ್ರಾವಣದ ಡಬ್ಬ್ಯಾಗ ಹಾಕಿ ಲ್ಯಾಬಿಗೆ ಕಳಸಾಕ ಬರತೈತಿ, ನೀವ ಬಾಯಿ ಬಿಟ್ಟ ಕೇಳ್ರಿ. ಕೆರದ ತಗದ್ರ ಒಮ್ಮೊಮ್ಮಿ ಅಲ್ಲೇ ಮತ್ತ ಕಪ್ಪ ಬಣ್ಣ ಬರತೈತಿ, ಅದು ಮೈಕ್ರೋಸ್ಕೋಪಿನಾಗ ವಿಚಿತ್ರ ಕಾಣತೈತಿ, ನೋಡೂ ಡಾಕ್ಟರಿಗೆ ಕ್ಯಾನ್ಸರ್ ಏನೋ ಅಂತ ಸಂಶಯ ಬರಬೌದು, ಹಂಗಾಗಿ ಹಳೇ ರಿಪೋರ್ಟ್ ಕಳಕೋಬ್ಯಾಡ್ರಿ.
ಬ್ಲೇಡ್ ಬಡದು ರಕ್ತ ಬಂದ್ರ ಅಷ್ಟ ಹೆದರಬ್ಯಾಡ್ರಿ. ಏನೂ ಬಡೀಲಾರದ ರಕ್ತ ಬಂದ್ರ, ಅರ್ಧ ಒಂದ ನಮೂನಿ ಅರ್ಧ ಒಂದ ನಮೂನಿ ಇದ್ರ, ಅಂಚು ಹರಕ ಆಗಿದ್ರ, ಎರಡ ಮೂರ ಬಣ್ಣ ಕಂಡ್ರ, 6 ಮಿಲಿಮೀಟರ್‌ಕ್ಕಿಂತ ದೊಡ್ಡದಿದ್ರ, ಎಲ್ಲಾಕಿಂತ ಮುಖ್ಯ ಇತ್ತೀಚಿಗೆ ಬದಲಾಗಾಕ ಹತ್ತಿದ್ರ ತಡಾ ಮಾಡಬ್ಯಾಡ್ರಿ. ಇನ್ನೊಂದ, ನಮ್ಮ ಮೈಬಣ್ಣದಾವ್ರಿಗೆ ಮೆಲನೋಮಾ, ಅಂದ್ರ ಚರ್ಮಕ್ಕ ಬಣ್ಣ ಕೊಡೂ ಜೀವಕೋಶದ ಕ್ಯಾನ್ಸರ್, ಕಡಿಮಿ, ಬಂದ್ರ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡಕ ಬರತೈತಿ. ಮಂದಿ ದಿನಾ ಕನ್ನಡ್ಯಾಗ ಮಾರಿ ನೋಡ್ಕೋತಾರ, ಅಂಗಾಲ ಯಾರು ನೋಡ್ತಾರ?

ನವನಗರ_ಸೆಕ್ಟರ್:
ನಾ ಕೊಯ್ಸೇನಿ, ಗದ್ದದ ಮ್ಯಾಲ. ಬಧೀರ ಮಾಡೂ ಇಂಜೆಕ್ಷನ್ ಚುರ್ರ್ ಅಂತೈತಿ, ಅದೊಂದ ತ್ರಾಸ, ಮುಂದ ಏನೂ ಗೊತ್ತಾಗಲಿಲ್ಲ. ಎರಡ ಹೊಲಿಗಿ, ಆರನೇ ದಿನಾ ಬಿಚ್ಚಿದ್ರು. ತಪ್ಪ ಮಾಡಿದ್ದು ಏನಪಾ ಅಂದ್ರ ಏಪ್ರಿಲ್‌ನಾಗ ಮಾಡಿಸಿ ಬಿಸಲಾಗ ಬೈಕ್ ಮ್ಯಾಲ ತಿರಗಿದೆ, ಕಲಿ ಕರ್ರಗಾಗಿ ದೀಪಾವಳಿ ತನಕ ಉಳೀತು. ನೀವು ಚಳಿಗಾಲದಾಗ ಮಾಡಸ್ರಿ, ಸನ್‌ಸ್ಕ್ರೀನ್ ಹಚ್ಚಗೋರಿ. ಹಿಂದ ಗಾಯ ಆದಲ್ಲಿ ಉಬ್ಬಿದ ಗಂಟ ಬೆಳದಿದ್ರ ಅದನ್ನೂ ಡಾಕ್ಟರಿಗೆ ಮೊದಲ ಹೇಳ್ರಿ, ದವಡಿ ಕಡೆ ಅಂಥಾ ಗಂಟ (ಕೀಲಾಯ್ಡ್ ಅಂತಾರ) ಆಗಬೌದು.

ಕುಂದಾ_ಪ್ರೇಮಿ:
ಪಾಸ್‌ಪೋರ್ಟ್ ಫಾರ್ಮ್‌ನಾಗ ಗುರುತು ಅಂತ ಇದನ್ನ ಬರದಿದ್ರ ಏನ್ ಮಾಡ್ತೀರಿ 😀

ಇಂಡಿ_ರೋಡ್:
ಖರೇನ ಬರದೀನ್ರಿ 😀 ಮುಂದ ಕಲಿ ಅಂತ ಬರಸ್ತೀನಿ. ಎಲ್ಲಾರಿಗೂ ಥ್ಯಾಂಕ್ಸ್, ಅಕ್ಕಾರ, ರಾತ್ರಿ ಮೊಬೈಲ್ ಟಾರ್ಚ್ ಹಚ್ಚಿ ಅಂಗಾಲ ನೋಡ್ಕೊಂಡೆ, ಹೆಂಡ್ತಿ ಮುಳ್ಳ ಚುಚ್ಚೇತೇನು ಅಂತ ಕೇಳಿದ್ಲು. ಸೋಮವಾರ ಚರ್ಮದ ಡಾಕ್ಟರ್ ಕಡೆ ಹೊಂಟೀನಿ, ಲೇಸರ್ ಬ್ಯಾಡ, ಕೊಯ್ದ ಡಬ್ಬಿಗೆ ಹಾಕ್ರಿ ಅಂತೀನಿ. ಅವ್ವಗೂ ಹೇಳಿದೆ. ಒಂದ ತಾಸ ಮಾತಾಡ್ಲಿಲ್ಲ, ಆಮ್ಯಾಲ ಅಮಾಸಿ ದಿನ ಮಾತ್ರ ಬ್ಯಾಡ ಅಂದ್ಲು.