ಮನೆಯಲ್ಲೇ ಸಿಎನ್‌ಸಿ ರೂಟರ್: ಸಾಮಾನು ತರಿಸುವ ಮೊದಲು ಡಿಸೈನ್ ನೋಡಿ ಹೇಳಿ

@ಹೊಸ್ತಿಲು

ತೇಗ, ಹೊನ್ನೆ ಹಲಗೆಗಳ ಮೇಲೆ ಬಾಗಿಲ ಕೆತ್ತನೆ, ಎಂಡಿಎಫ್ ಜಾಲರಿ, ಆಗೊಮ್ಮೆ ಈಗೊಮ್ಮೆ 3 ಮಿ.ಮೀ. ಅಲ್ಯೂಮಿನಿಯಂ ತಗಡಿನ ನಾಮಫಲಕ. ಇಷ್ಟು ಕೆಲಸಕ್ಕೆ ಒಂದು ರೂಟರ್ (ಕಂಪ್ಯೂಟರ್ ಹೇಳಿದಂತೆ ಬಿಟ್ ಓಡಿಸಿ ಕೊರೆಯುವ ಯಂತ್ರ) ಕಟ್ಟಬೇಕು. ಇನ್ನೂ ಏನೂ ಕೊಂಡಿಲ್ಲ, ಫ್ರೀಕ್ಯಾಡ್‌ನಲ್ಲಿ ಡ್ರಾಯಿಂಗ್ ಮಾತ್ರ ಆಗಿದೆ.

ಸದ್ಯದ ಲೆಕ್ಕ: ಕೆಲಸದ ಜಾಗ 600×900 ಮಿ.ಮೀ. (ಎಕ್ಸ್ ಅಡ್ಡ, ವೈ ಉದ್ದ), ಝಡ್ (ಮೇಲೆ-ಕೆಳಗೆ) ಓಟ 200. ಗ್ಯಾಂಟ್ರಿಗೆ (ಸ್ಪಿಂಡಲ್ ಹೊತ್ತು ಓಡಾಡುವ ಅಡ್ಡತೊಲೆ) 40×80 ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ (ಅಚ್ಚಿನಿಂದ ಒತ್ತಿ ತೆಗೆದ ಕಂಬಿ), 80ರ ಮುಖ ನಿಲ್ಲಿಸಿ. ರೈಲಿಗೆ ಎಸ್‌ಬಿಆರ್16 ದುಂಡು ರಾಡು. ಬಾಲ್‌ಸ್ಕ್ರೂ ಎಲ್ಲಕ್ಕೂ 1605 (16 ಮಿ.ಮೀ. ದಪ್ಪ, ಸುತ್ತಿಗೆ 5 ಮಿ.ಮೀ. ಸರಿಯುವ, ಅಂದರೆ 5 ಲೀಡ್), ವೈಗೆ ಎರಡೂ ಬದಿ ಒಂದೊಂದು. ನೇಮಾ 23 ಅಳತೆಯ ಸ್ಟೆಪ್ಪರ್ (ಹಂತಹಂತವಾಗಿ ತಿರುಗುವ) ಮೋಟಾರ್ 4 (ಟಾರ್ಕ್, ಅಂದರೆ ತಿರುಚು ಬಲ 18.9 ಕೆ.ಜಿ.-ಸೆಂ.ಮೀ.), 24 ವೋಲ್ಟ್ ಸಪ್ಲೈ, ಆರ್ಡುಯಿನೊ ಊನೊ ಬೋರ್ಡಿನಲ್ಲಿ ಜಿಆರ್‌ಬಿಎಲ್ (ಮೋಟಾರ್ ಓಡಿಸುವ ತಂತ್ರಾಂಶ). ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರ್) 2.2 ಕಿಲೋವ್ಯಾಟ್, ಅದರ ವೇಗ ನಿಯಂತ್ರಿಸುವ ವಿಎಫ್‌ಡಿ ಸಮೇತ.

ಈ ಮೋಟಾರ್ ಸಾಲುತ್ತಾ, ಇಲ್ಲ ನೇಮಾ 34ಕ್ಕೆ ಹೋಗಬೇಕಾ? ಬೇರೆ ತಪ್ಪಿದ್ದರೂ ಹೇಳಿ, ಈಗಲೇ ತಿದ್ದಿಕೊಳ್ತೇನೆ.

---

@ಮೂಲೆಮಟ್ಟ

ಮೋಟಾರ್ ವಿಷಯ ಕೊನೆಗೆ ಬರಲಿ. ಬಿಟ್ಟಿನ ತುದಿಯಿಂದ ಶುರುಮಾಡಿ ಹಿಂದಕ್ಕೆ ಬನ್ನಿ: ಬಿಟ್, ಸ್ಪಿಂಡಲ್, ಝಡ್, ಗ್ಯಾಂಟ್ರಿ, ಆಮೇಲೆ ಚೌಕಟ್ಟು. ನಿಮ್ಮ ಡಿಸೈನ್ ಸೋಲೋದು ಝಡ್ ಮತ್ತು ಗ್ಯಾಂಟ್ರಿಯಲ್ಲಿ.

ಮೊದಲು ಅಳತೆ. ಪ್ಲೈವುಡ್, ಎಂಡಿಎಫ್ ನಮ್ಮಲ್ಲಿ ಅಡಿ ಲೆಕ್ಕದಲ್ಲಿ ಸಿಗುತ್ತೆ. 8×4 ಶೀಟಿನಿಂದ ಕೊಯ್ಸಿದ 2×3 ಅಡಿ ತುಂಡು ಅಂದರೆ 610×914. ಓಟ 600×900 ಇದ್ದರೆ ಆ ತುಂಡಿನ ಅಂಚು ಸುತ್ತ ಬಿಟ್ ಹಾಯೋದೇ ಇಲ್ಲ. 650×950 ಮಾಡಿ, ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ. ರೈಲಿನ ಉದ್ದ ಅಂದರೆ ಓಟ ಮಾತ್ರ ಅಲ್ಲ, ಕ್ಯಾರೇಜಿನ (ರೈಲಿನ ಮೇಲೆ ಓಡುವ ಭಾಗ) ಉದ್ದ, ಎರಡೂ ತುದಿಗೆ 20 ಮಿ.ಮೀ. ಬಿಡುವು ಸೇರಬೇಕು. ಎಕ್ಸ್‌ಗೆ 650+180+40 = 870, ಅಂದರೆ 900ರ ರೈಲು. ವೈಗೆ 950+200+40 = 1190, ಅಂದರೆ 1200.

ಗ್ಯಾಂಟ್ರಿ ಅಂದಕೂಡಲೇ ಎಲ್ಲರೂ ಯೋಚಿಸೋದು ಸ್ಪಿಂಡಲ್ ಭಾರಕ್ಕೆ ಕೆಳಗೆ ಜಗ್ಗುತ್ತಾ ಅಂತ. ಜಗ್ಗೋದು ಒಂದೇ ಸಮ ಇರುತ್ತೆ, ಬೆಡ್ ಮೇಲ್ಮೈ ಅದೇ ಯಂತ್ರದಲ್ಲಿ ಕೊರೆದರೆ ಬಹುಪಾಲು ಸರಿಹೋಗುತ್ತೆ. ತೊಂದರೆ ಕೊಡೋದು ಅಡ್ಡಬಲ. ಬಿಟ್ ವೈ ದಿಕ್ಕಿನಲ್ಲಿ ಮರವನ್ನು ನೂಕುವಾಗ ಮರ ತಿರುಗಿ ಗ್ಯಾಂಟ್ರಿಯನ್ನು ನೂಕುತ್ತೆ. 80ರ ಮುಖ ನಿಲ್ಲಿಸಿದರೆ ಆ ಬಲಕ್ಕೆ ಎದುರು ನಿಲ್ಲೋದು ಬರೀ 40ರ ದಪ್ಪ.

ಲೆಕ್ಕ ನೋಡಿ. ಆಧಾರಗಳ ನಡುವೆ 900 ಮಿ.ಮೀ., ಮಧ್ಯದಲ್ಲಿ 200 ನ್ಯೂಟನ್, ಅಂದರೆ ಸುಮಾರು 20 ಕೆ.ಜಿ. ನೂಕು. 40×80 ಎಕ್ಸ್‌ಟ್ರೂಷನ್ ಆ ದಿಕ್ಕಿಗೆ ಸುಮಾರು 18 ಸೆಂ.ಮೀ.⁴ ಜಡತ್ವ (ಆಕಾರ ಬಾಗುವುದನ್ನು ಎಷ್ಟು ತಡೆಯುತ್ತೆ ಅನ್ನೋ ಅಳತೆ) ಕೊಡುತ್ತೆ (ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ, ಭಾರಿ-ಹಗುರ ಮಾದರಿ ಮೇಲೆ ಬದಲಾಗುತ್ತೆ). ಬಾಗು ಸುಮಾರು 0.24 ಮಿ.ಮೀ. ಅದೇ ಜಾಗಕ್ಕೆ 80×80×4 ಎಂಎಸ್ (ಮೆದು ಉಕ್ಕು) ಚೌಕ ಟ್ಯೂಬ್ ಹಾಕಿದರೆ 117 ಸೆಂ.ಮೀ.⁴, ಜೊತೆಗೆ ಉಕ್ಕಿನ ಬಿಗಿ ಅಲ್ಯೂಮಿನಿಯಂನ ಮೂರು ಪಟ್ಟು ಹತ್ತಿರ. ಬಾಗು 0.013. 100×100×4 ಆದರೆ 0.0065ಕ್ಕಿಂತ ಕಡಿಮೆ. ಟ್ಯೂಬಿನ ತೂಕ ಮೀಟರಿಗೆ 9.5ರಿಂದ 12 ಕೆ.ಜಿ., ನಿಮ್ಮ ಮೋಟಾರಿಗೆ ಅದು ಹೊರೆಯೇ ಅಲ್ಲ. ಇನ್ನೊಂದು: ಬಾಗು ಉದ್ದದ ಘನಕ್ಕೆ ತಕ್ಕ ಹಾಗೆ ಏರುತ್ತೆ. ಮುಂದೆ ಯಾರಾದರೂ ಇದೇ ಡಿಸೈನನ್ನು ಎರಡು ಪಟ್ಟು ಅಗಲಿಸಿದರೆ ಎಂಟು ಪಟ್ಟು ಬಾಗುತ್ತೆ.

ಝಡ್ 200 ಯಾಕೆ? ಬಾಗಿಲ ಹಲಗೆ 35-40 ಮಿ.ಮೀ. ದಪ್ಪ, ಅದರ ಮೇಲೆ ಬಿಟ್ಟಿನ ಉದ್ದ. 120 ಓಟ ಸಾಕು. ಗ್ಯಾಂಟ್ರಿಯಿಂದ ಬಿಟ್ ತುದಿವರೆಗಿನ ದೂರ ಒಂದು ಸನ್ನೆಕೋಲು. ಎಕ್ಸ್ ರೈಲುಗಳ ನಡುವೆ ಮೇಲೆ-ಕೆಳಗೆ 60 ಮಿ.ಮೀ. ಇದ್ದು, ತುದಿ 250 ಮಿ.ಮೀ. ಕೆಳಗಿದ್ದರೆ ಬ್ಲಾಕಿನಲ್ಲಿರೋ (ರೈಲಿನ ಮೇಲೆ ಜಾರುವ ಬೇರಿಂಗ್) 0.02ರ ಆಟ ತುದಿಯಲ್ಲಿ 0.08 ಆಗುತ್ತೆ. ರೈಲುಗಳ ಅಂತರ 120ಕ್ಕೆ ಏರಿಸಿದರೆ ಅದು ಅರ್ಧಕ್ಕಿಳಿಯುತ್ತೆ. ಒಂದು ರೈಲು ಟ್ಯೂಬಿನ ಮೇಲ್ಮುಖಕ್ಕೆ, ಇನ್ನೊಂದು ಕೆಳಮುಖಕ್ಕೆ ಹಾಕಿದರೆ ಅಷ್ಟು ಅಂತರ ಸುಲಭವಾಗಿ ಸಿಗುತ್ತೆ.

ಎಸ್‌ಬಿಆರ್ ಬೇಡ. ಅದರ ಬೇರಿಂಗ್ ಕೆಳಬದಿ ತೆರೆದಿರುತ್ತೆ, ಎತ್ತುವ ದಿಕ್ಕಿನ ಬಲಕ್ಕೆ ಸಡಿಲ. ಎಂಡಿಎಫ್‌ಗೆ ನಡೀಬಹುದು, ಅಲ್ಯೂಮಿನಿಯಂಗೆ ಖಂಡಿತ ಗುರುಗುಟ್ಟುತ್ತೆ. ಎಚ್‌ಜಿಆರ್20 ಚೌಕ ರೈಲು ಹಾಕಿ: ಎಂ5 ಬೋಲ್ಟ್, 60 ಮಿ.ಮೀ.ಗೊಂದು ತೂತು. 4 ಮಿ.ಮೀ. ಗೋಡೆಗೆ ಎಂ5 ಟ್ಯಾಪ್ ಹಾಕಿದರೆ ಐದೇ ಥ್ರೆಡ್ ಸಿಗೋದು. ಅದಕ್ಕೇ 10-12 ಮಿ.ಮೀ. ಪಟ್ಟಿ ವೆಲ್ಡ್ ಮಾಡಿಸಿ, ವೆಲ್ಡ್ ಆದಮೇಲೆ ಎರಡೂ ಪಟ್ಟಿಗಳನ್ನು ಒಂದೇ ಸೆಟ್ಟಿಂಗ್‌ನಲ್ಲಿ ಮಿಲ್ಲಿಂಗ್ ಮಾಡಿಸಿ.

---

@ಹಂತಲೆಕ್ಕ

ಮೇಲಿನವರು ಬಿಟ್ಟ ಮೋಟಾರ್ ಪ್ರಶ್ನೆಗೆ ನಾನು ಹೇಳ್ತೀನಿ.

18.9 ಕೆ.ಜಿ.-ಸೆಂ.ಮೀ. ಅಂದರೆ 1.85 ನ್ಯೂಟನ್-ಮೀಟರ್. 5 ಮಿ.ಮೀ. ಲೀಡ್ ಸ್ಕ್ರೂನಲ್ಲಿ ಅದು ಸುಮಾರು 2,000 ನ್ಯೂಟನ್ ತಳ್ಳುವ ಬಲ. ವೇಗ ಏರಿದಾಗ ಟಾರ್ಕ್ ಕಾಲುಭಾಗಕ್ಕೆ ಬಿದ್ದರೂ 500 ಉಳಿಯುತ್ತೆ. ನೇಮಾ 34 ಬೇಕಿಲ್ಲ. ಬೇಕಿರೋದು ವೋಲ್ಟೇಜ್. 24ರಲ್ಲಿ ಓಡಿಸಿದರೆ ವೇಗ ಏರಿದಂತೆ ಕಾಯಿಲಿನಲ್ಲಿ ಕರೆಂಟ್ ತುಂಬೋಕೆ ಸಮಯ ಸಾಲದೆ ಟಾರ್ಕ್ ಕುಸಿಯುತ್ತೆ. ಮೋಟಾರಿನ ಇಂಡಕ್ಟೆನ್ಸ್ (ಕರೆಂಟ್ ಏರೋದನ್ನು ತಡೆಯುವ ಗುಣ) ಮಿಲಿಹೆನ್ರಿಯಲ್ಲಿ ಎಷ್ಟೋ ಅದರ ವರ್ಗಮೂಲವನ್ನು 32ರಿಂದ ಗುಣಿಸಿ, ಬರೋದು ಗರಿಷ್ಠ ವೋಲ್ಟೇಜ್. 2.5 ಇದ್ದರೆ 50 ವೋಲ್ಟ್. ಆದರೆ ಮೋಟಾರಿಗೆ ಕರೆಂಟ್ ಕೊಡುವ ಡಿಎಂ542 ಡ್ರೈವರಿನ ಮಿತಿಯೂ 50. ಗ್ಯಾಂಟ್ರಿ ಬ್ರೇಕ್ ಹಾಕಿದಾಗ ಮೋಟಾರ್ ವಾಪಸ್ ತಳ್ಳುವ ವೋಲ್ಟೇಜಿಗೆ ಜಾಗ ಬಿಡಬೇಕು. 36 ವೋಲ್ಟ್ ಸರಿ.

ಸುತ್ತಿಗೆ 1,600 ಮೈಕ್ರೊಸ್ಟೆಪ್ (ಮೋಟಾರಿನ ಒಂದು ಹಂತದ ಎಂಟರ ಒಂದು) ಇಟ್ಟರೆ ಮಿ.ಮೀ.ಗೆ 320 ಹಂತ. 1,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 5 ಮೀಟರ್ ಓಡಲು ಸೆಕೆಂಡಿಗೆ 26,667 ಪಲ್ಸ್. ಊನೊದಲ್ಲಿ ಜಿಆರ್‌ಬಿಎಲ್ ಮಿತಿ 30,000 ಆಸುಪಾಸು. ನುಣುಪಾಗಲಿ ಅಂತ ಹದಿನಾರರ ಒಂದಕ್ಕೆ ಹೋದರೆ 53,000 ಕೇಳುತ್ತೆ, ಆ ವೇಗ ಊನೊ ಕೈಲಿ ಆಗಲ್ಲ. ವೈಗೆ ಎರಡು ಮೋಟಾರ್ ಇರೋದರಿಂದ ನಾನಾದರೆ ಗ್ರಬ್ಲ್‌ಹ್ಯಾಲ್ ಅಥವಾ ಫ್ಲೂಯಿಡ್‌ಎನ್‌ಸಿ ತಂತ್ರಾಂಶ ಓಡುವ 32 ಬಿಟ್ ಬೋರ್ಡ್ ಆರಿಸ್ತೇನೆ. ಎರಡೂ ಬದಿಗೆ ಬೇರೆ ಬೇರೆ ಹೋಮಿಂಗ್ ಸ್ವಿಚ್ (ಓಟದ ಆರಂಭದ ಜಾಗ ಗುರುತಿಸುವುದು) ಕೊಟ್ಟರೆ ಪ್ರತಿ ಸಲ ಗ್ಯಾಂಟ್ರಿ ತಾನೇ ಮೂಲೆಮಟ್ಟಕ್ಕೆ ಬರುತ್ತೆ.

5 ಮೀಟರ್ ವೇಗ ಸಾಕಾ? 6 ಮಿ.ಮೀ. ಎರಡು ಫ್ಲೂಟ್ (ಹಲ್ಲು) ಬಿಟ್, 18,000 ಆರ್‌ಪಿಎಂ, ಹಲ್ಲಿಗೆ 0.08: ನಿಮಿಷಕ್ಕೆ 2,880 ಮಿ.ಮೀ. ಸಾಕು. 1605 ಇಷ್ಟು ಉದ್ದದಲ್ಲಿ ಸುಮಾರು 1,600 ಆರ್‌ಪಿಎಂವರೆಗೆ ಚಾಟಿಯಂತೆ ಬೀಸಲ್ಲ.

ಝಡ್‌ಗೆ ಮಾತ್ರ 1610 (ಸುತ್ತಿಗೆ 10 ಮಿ.ಮೀ. ಸರಿಯುವ ಸ್ಕ್ರೂ) ಹಾಕಬೇಡಿ. ಕರೆಂಟ್ ಹೋದ ಕ್ಷಣ ಬಾಲ್‌ಸ್ಕ್ರೂ ಹಿಡಿದು ನಿಲ್ಲಲ್ಲ. ಸ್ಪಿಂಡಲ್, ಪ್ಲೇಟ್ ಸೇರಿ 12 ಕೆ.ಜಿ. ಇದ್ದರೆ 1605ರಲ್ಲೇ ಸುಮಾರು 0.08 ನ್ಯೂಟನ್-ಮೀಟರ್ ತಿರುಚು ಬರುತ್ತೆ, ಕರೆಂಟ್ ಇಲ್ಲದ ನೇಮಾ 23 ಹಿಡಿಯೋದೂ ಹೆಚ್ಚುಕಡಿಮೆ ಅಷ್ಟೇ. 1610 ಆದರೆ ಇಳಿದು ಬಿಟ್ ಹಲಗೆಗೆ ಚುಚ್ಚುತ್ತೆ. ಬ್ರೇಕ್ ಇರೋ ಮೋಟಾರ್ ಅಥವಾ ಗ್ಯಾಸ್ ಸ್ಪ್ರಿಂಗ್ ಹಾಕಿ.

---

@ಅರ್ಥಿಂಗ್

ವಿಎಫ್‌ಡಿ ಇಟ್ಟ ಮೊದಲ ದಿನವೇ ಸ್ಪಿಂಡಲ್ ಸುಟ್ಟುಹೋಗೋಕೆ ದೊಡ್ಡ ಕಾರಣ ಬೇಸ್ ಫ್ರೀಕ್ವೆನ್ಸಿ. 24,000 ಆರ್‌ಪಿಎಂ ಸ್ಪಿಂಡಲ್ 400 ಹರ್ಟ್ಜ್‌ನದು. ವಿಎಫ್‌ಡಿ 50 ಹರ್ಟ್ಜ್ ಸೆಟ್ಟಿಂಗ್‌ನಲ್ಲೇ ಉಳಿದಿದ್ದರೆ 50ಕ್ಕೇ ಪೂರ್ತಿ ವೋಲ್ಟೇಜ್ ಕೊಟ್ಟು ವೈಂಡಿಂಗ್ ಬೇಯಿಸಿಬಿಡುತ್ತೆ. ಹುವಾನ್‌ಯಾಂಗ್ ಕಂಪನಿಯ ವಿಎಫ್‌ಡಿ ಆದರೆ ಸೆಟ್ಟಿಂಗ್ ಪಿಡಿ004, ಪಿಡಿ005 ಎರಡೂ 400, ಪಿಡಿ011 120, ಪಿಡಿ144 3000. ಬೇರೆ ಕಂಪನಿಯದಾದರೆ ಅದರ ಪುಸ್ತಕ ನೋಡಿ, ಸ್ಪಿಂಡಲ್ ತಂತಿ ಜೋಡಿಸುವ ಮೊದಲು ತುಂಬಿ.

ಸ್ಪಿಂಡಲ್ ಕನೆಕ್ಟರಿನ ನಾಲ್ಕನೇ ಪಿನ್ ಎಷ್ಟೋ ಸಲ ಬಾಡಿಗೆ ಸೇರಿರಲ್ಲ. ಮಲ್ಟಿಮೀಟರ್ ಇಟ್ಟು ನೋಡಿ, ಇಲ್ಲದಿದ್ದರೆ ಬಾಡಿಗೆ ಬೇರೆ ಅರ್ಥ್ ತಂತಿ ಕೊಡಿ. ಸ್ಪಿಂಡಲ್‌ಗೆ ಶೀಲ್ಡ್ ಕೇಬಲ್, ಲಿಮಿಟ್ ಸ್ವಿಚ್ (ಓಟದ ತುದಿ ಗುರುತಿಸುವುದು) ತಂತಿಗಳು ಅದರ ಪಕ್ಕದಲ್ಲಿ ಹಾಯದಂತೆ. ಲಿಮಿಟ್ ಸ್ವಿಚ್ಚೆಲ್ಲ ಎನ್‌ಸಿ (ಒತ್ತದಿದ್ದಾಗ ಸರ್ಕ್ಯೂಟ್ ಮುಚ್ಚಿರುವ ಮಾದರಿ) ಇರಲಿ. ತಂತಿ ಕಿತ್ತರೆ ಯಂತ್ರ ನಿಲ್ಲುತ್ತೆ. 16 ಆಂಪಿಯರ್ ಪ್ರತ್ಯೇಕ ಲೈನ್ ಎಳೆಸಿ. ವಿಎಫ್‌ಡಿ ಲೀಕೇಜಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳಬಹುದು. ಬಿತ್ತು ಅಂತ ಅದನ್ನು ತೆಗೆದು ನೇರ ಕೊಡೋದು ಮಾತ್ರ ಬೇಡ, ಎಲೆಕ್ಟ್ರಿಷಿಯನ್‌ಗೆ ತೋರಿಸಿ ತಕ್ಕ ಮಾದರಿ ಹಾಕಿಸಿ.

---

@ಹೊಸ್ತಿಲು

ಎಲ್ಲರಿಗೂ ಧನ್ಯವಾದ. ಟ್ಯೂಬ್ ಗ್ಯಾಂಟ್ರಿಗೆ ಬದಲಾಯಿಸಿದೆ, ಝಡ್ 120. ಆದರೆ 1200 ಮಿ.ಮೀ. ಉದ್ದದ ವೈ ಬದಿಗಳನ್ನು ಮಿಲ್ಲಿಂಗ್ ಮಾಡೋ ಮಷೀನ್ ಇಲ್ಲಿ ಹತ್ತಿರದಲ್ಲಿ ಇಲ್ಲ. ರಸಮಟ್ಟ ಇಟ್ಟು ಶಿಮ್ (ಸಂದಿಗೆ ಇಡುವ ತೆಳು ತಗಡು) ಕೊಟ್ಟರೆ ಆಗಲ್ವಾ?

---

@ಮೂಲೆಮಟ್ಟ

ಬಡಗಿ, ಗಾರೆಯವರ ರಸಮಟ್ಟಕ್ಕೆ ಅಷ್ಟು ಸೂಕ್ಷ್ಮ ಇಲ್ಲ. ಮೀಟರಿಗೆ ಅರ್ಧ ಮಿ.ಮೀ. ವ್ಯತ್ಯಾಸ ಅದು ತೋರಿಸಿದರೆ ಹೆಚ್ಚು, ನಿಮಗೆ ಬೇಕಿರೋದು 0.03ರ ಒಳಗೆ. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಪ್ಲೇನೊಮಿಲ್ಲರ್ (ಉದ್ದದ ಸಾಮಾನು ಮಿಲ್ಲಿಂಗ್ ಮಾಡೋ ದೊಡ್ಡ ಯಂತ್ರ) ಇರೋ ಜಾಬ್‌ವರ್ಕ್ ಶಾಪ್ ಸಿಗುತ್ತೆ. ಸಾಗಿಸೋ ಖರ್ಚು ಹೊಂದಿದರೆ ಅದೇ ಒಳ್ಳೇದು.

ಇಲ್ಲವಾದರೆ ಎಪಾಕ್ಸಿ ಸುರಿಯೋ ದಾರಿ. ನಿಧಾನಕ್ಕೆ ಗಟ್ಟಿಯಾಗುವ, ನೀರಿನಂತೆ ಹರಿಯುವ ಎಪಾಕ್ಸಿ ತನ್ನಷ್ಟಕ್ಕೆ ಮಟ್ಟಕ್ಕೆ ಬರುತ್ತೆ. ಎರಡೂ ಬದಿಗೆ ಅಡ್ಡಗಟ್ಟೆ ಕಟ್ಟಿ, ಎರಡನ್ನೂ ಸೇರಿಸುವ ಒಂದು ಕಾಲುವೆ ಬಿಡಿ. ಇಲ್ಲದಿದ್ದರೆ ಎರಡು ಬದಿ ಎರಡು ಎತ್ತರಕ್ಕೆ ನಿಲ್ಲುತ್ತೆ, ಆಗ ಗ್ಯಾಂಟ್ರಿ ತಿರುಚಿಕೊಳ್ಳುತ್ತೆ. ಗಟ್ಟೆಯ ಅಂಚಿನಲ್ಲಿ ಎಪಾಕ್ಸಿ ಮೇಲಕ್ಕೆ ಹತ್ತೋದರಿಂದ ರೈಲಿಗಿಂತ ಎರಡೂ ಪಕ್ಕ 10 ಮಿ.ಮೀ. ಅಗಲ ಇಡಿ. ಪೂರ್ತಿ ಗಟ್ಟಿಯಾಗೋವರೆಗೆ ಚೌಕಟ್ಟು ಮುಟ್ಟಬೇಡಿ. ಗಾಳಿಗುಳ್ಳೆ ಇದ್ದರೆ ಸುರಿದ ಕೂಡಲೇ ಹೀಟ್‌ಗನ್‌ನಿಂದ ಒಡೆಯಿರಿ.

ರೈಲು ಕೂರಿಸುವಾಗ ಒಂದನ್ನು ಸ್ಟ್ರೈಟ್‌ಎಡ್ಜಿಗೆ ಹಿಡಿದು ನೇರ ಮಾಡಿ, ಮಧ್ಯದಿಂದ ತುದಿಗಳ ಕಡೆ ಬಿಗಿಯುತ್ತಾ ಹೋಗಿ. ಎರಡನೆಯದನ್ನು ಬಿಗಿಯದೆ ಬಿಟ್ಟು, ಮೊದಲ ರೈಲಿನ ಬ್ಲಾಕಿಗೆ ಕಟ್ಟಿದ ಡಯಲ್ ಗೇಜ್ ಓಡಿಸುತ್ತಾ ಪಕ್ಕಕ್ಕೆ ಹೊಂದಿಸಿ ಬಿಗಿಯಿರಿ. ಗ್ಯಾಂಟ್ರಿ ಕೂರಿಸಿದ ಮೇಲೆ, ಸ್ಕ್ರೂ ಹಾಕುವ ಮೊದಲು, ಒಂದು ಬೆರಳಿನಿಂದ ತಳ್ಳಿದರೆ ಪೂರ್ತಿ ಓಟ ಒಂದೇ ಸಮ ಸರಿಯಬೇಕು. ಎಲ್ಲೋ ಹಿಡಿದರೆ ರೈಲು ಸಮಾಂತರ ಇಲ್ಲ ಅಂತ. ಮೋಟಾರ್ ಅದನ್ನು ಎಳೆದುಕೊಂಡು ಹೋಗುತ್ತೆ, ಆದರೆ ಬ್ಲಾಕ್ ಬೇಗ ಸವೆಯುತ್ತೆ.

---

@ಹಂತಲೆಕ್ಕ

ಕೊಳ್ಳುವ ಕ್ರಮವನ್ನೂ ಹೇಳಿಬಿಡ್ತೀನಿ. ರೈಲು, ಸ್ಕ್ರೂ, ಸ್ಪಿಂಡಲ್ ಮೊದಲು ತರಿಸಿ, ವರ್ನಿಯರ್‌ನಿಂದ ಅಳೆದು ಡ್ರಾಯಿಂಗ್ ತಿದ್ದಿ, ಆಮೇಲೇ ಪ್ಲೇಟಿಗೆ ತೂತು ಕೊರೆಸಿ. ಫ್ರೀಕ್ಯಾಡ್‌ನಲ್ಲಿ ಪ್ರತಿ ಬೋಲ್ಟ್ ಎದುರಿಗೂ ಅಲೆನ್ ಕೀ ಹೋಗುವ ಜಾಗ ಇದೆಯೇ ನೋಡಿ. ಝಡ್ ಪ್ಲೇಟ್ ಹಿಂದಿನ ಬ್ಲಾಕ್ ಬೋಲ್ಟುಗಳು ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಮೋಟಾರ್ ಮತ್ತು ಸ್ಕ್ರೂ ಸೇರಿಸುವ ಕಪ್ಲಿಂಗ್ ಕೊನೆಗಿರಲಿ: ಬಿಕೆ12ಗೆ (ಸ್ಕ್ರೂ ಹಿಡಿಯುವ ಬೇರಿಂಗ್ ಆಧಾರ) ಕಡೆದ ಸ್ಕ್ರೂ ತುದಿ 10 ಮಿ.ಮೀ., ನೇಮಾ 23 ಶಾಫ್ಟ್ 6.35 ಇರಬಹುದು, 8 ಇರಬಹುದು. ಕೈಗೆ ಬಂದ ಮೋಟಾರ್ ಅಳೆದೇ ಆರ್ಡರ್ ಕೊಡಿ.