ಮಾತ್ರೆಯ ಗರ್ಭಪಾತವಾಗಿ ಎರಡು ವಾರವಾದರೂ ಕಾರ್ಡಿನಲ್ಲಿ ಎರಡು ಗೆರೆ: ಮನೆಯ ಮೂತ್ರ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ (ಭಾಗಮಂಡಲದ ಕಡೆಯ ತೋಟದಿಂದ)

ಏಳು ವಾರದ ಗರ್ಭವಿದ್ದಾಗ ಸ್ಕ್ಯಾನಿಂಗ್ ಮಾಡಿಸಿ, ವೈದ್ಯರು ಕೊಟ್ಟ ಮಾತ್ರೆಗಳನ್ನು ತೆಗೆದುಕೊಂಡೆ. ಎರಡನೆಯ ಹಂತದ ಮಾತ್ರೆಯ ದಿನ ತೀವ್ರ ಹೊಟ್ಟೆನೋವಿನೊಂದಿಗೆ ಗಡ್ಡೆಗಡ್ಡೆಯಾಗಿ ರಕ್ತ ಹೋಯಿತು, ವಾಕರಿಕೆಯೂ ನಿಂತಿತು. ಈಗ ಎರಡು ವಾರವಾಗಿದ್ದು, ಔಷಧಿ ಅಂಗಡಿಯ ಕಾರ್ಡಿನಲ್ಲಿ ಇನ್ನೂ ಎರಡು ಗೆರೆ ಬರುತ್ತಿವೆ. ಮರುತಪಾಸಣೆಗೆ ಮಡಿಕೇರಿಗೆ ಹೋಗಬೇಕಿತ್ತು, ಆದರೆ ಹೊಳೆ ಉಕ್ಕಿ ರಸ್ತೆಯ ಮೇಲೆ ನೀರಿದೆ. ಗರ್ಭ ಹೋಗಿಲ್ಲವೆಂದು ತಿಳಿಯಬೇಕೇ?

ಉತ್ತರ 1 (ಶುಶ್ರೂಷಕಿ, ವಿರಾಜಪೇಟೆ)

ಆ ಗೆರೆಯೊಂದನ್ನೇ ನೋಡಿ ಹಾಗೆ ತಿಳಿಯಬೇಕಾಗಿಲ್ಲ. ಕಾರ್ಡು ಹುಡುಕುವುದು ಗರ್ಭವನ್ನಲ್ಲ, ಎಚ್‌ಸಿಜಿ ಎಂಬ ಹಾರ್ಮೋನನ್ನು. ಅಂಗಡಿಯ ಸಾಮಾನ್ಯ ಕಾರ್ಡು ಒಂದು ಮಿಲಿಲೀಟರಿನಲ್ಲಿ 25 ಮಿಲಿಯೂನಿಟ್‌ನಷ್ಟು ಅಲ್ಪ ಪ್ರಮಾಣವಿದ್ದರೂ ಗೆರೆ ತೋರಿಸುತ್ತದೆ; ಏಳನೆಯ ವಾರದಲ್ಲಿ ಈ ಹಾರ್ಮೋನು ಸಾಮಾನ್ಯವಾಗಿ ಹತ್ತಾರು ಸಾವಿರದ ಮಟ್ಟದಲ್ಲಿರುವುದರಿಂದ, ಗರ್ಭಪಾತ ಪೂರ್ಣವಾದ ಮೇಲೂ ಅದು ದೇಹದಿಂದ ಇಳಿದುಹೋಗಲು ವಾರಗಳೇ ಬೇಕು. ಆದ್ದರಿಂದ ಸಾಮಾನ್ಯ ಕಾರ್ಡಿನ ಪರೀಕ್ಷೆಯನ್ನು ಮೊದಲ ಮಾತ್ರೆಯಿಂದ ನಾಲ್ಕು ವಾರ ಕಳೆದ ಮೇಲೆ ಮಾಡುವುದು ಸೂಕ್ತ.

ದಿನವೂ ಪರೀಕ್ಷಿಸಿ ಗೆರೆಯ ಬಣ್ಣ ಹೋಲಿಸುವುದರಿಂದ ಆತಂಕ ಹೆಚ್ಚುತ್ತದೆಯೇ ಹೊರತು ಪ್ರಯೋಜನವಿಲ್ಲ. ಮೂತ್ರ ನೀರಾಗಿದ್ದರೆ ಗೆರೆ ಮಸುಕಾಗುತ್ತದೆ. ಪೊಟ್ಟಣದ ಮೇಲೆ ಹೇಳಿದ ಸಮಯ ಮೀರಿ ಒಣಗಲು ಬಿಟ್ಟರೆ ಇಲ್ಲದ ಗೆರೆಯೂ ಬೂದು ಬಣ್ಣದಲ್ಲಿ ಮೂಡುತ್ತದೆ. ಬೆಳಗಿನ ಮೊದಲ ಮೂತ್ರವನ್ನೇ ಬಳಸಿ.

ಉತ್ತರ 2 (ಸೋಮವಾರಪೇಟೆ)

ಹೊರದೇಶಗಳಲ್ಲಿ ಹಾರ್ಮೋನಿನ ಮಟ್ಟವನ್ನೇ ಹಂತಹಂತವಾಗಿ ತೋರಿಸುವ ಪಟ್ಟಿಗಳನ್ನು ಬಳಸಿದ್ದಾರೆ. ಮಾತ್ರೆಗೆ ಮೊದಲು ಒಮ್ಮೆ, ವಾರದ ನಂತರ ಮತ್ತೊಮ್ಮೆ ಪರೀಕ್ಷಿಸಿ, ಮಟ್ಟ ಇಳಿದಿದೆಯೇ ಎಂದು ನೋಡುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರು ಕೊಡುವ ನಿಶ್ಚಯ್ ಕಿಟ್ ಹಾಗಲ್ಲ. ಅದು ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ.

ಉತ್ತರ 3 (ಸ್ತ್ರೀರೋಗ ವೈದ್ಯೆ)

ಮೇಲಿನ ಮಾತುಗಳು ಸರಿ, ಆದರೆ ನಾಲ್ಕು ವಾರ ಕಾಯುವ ಸಲಹೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಮಾತ್ರೆಯ ನಂತರ ರಕ್ತ ಹೋಗದೇ ಇದ್ದರೆ ಅಥವಾ ಕಲೆಯಷ್ಟೇ ಕಂಡಿದ್ದರೆ, ಇಲ್ಲವೇ ವಾಕರಿಕೆ, ಎದೆ ಬಿಗಿತ ಹಾಗೆಯೇ ಮುಂದುವರಿದಿದ್ದರೆ, ಈಗಲೇ ಸ್ಕ್ಯಾನಿಂಗ್ ಬೇಕು. ಗರ್ಭ ಉಳಿದರೆ, ಎರಡನೆಯ ಹಂತದ ಮಾತ್ರೆಯಾದ ಮಿಸೊಪ್ರೊಸ್ಟಾಲ್‌ನಿಂದ ಭ್ರೂಣಕ್ಕೆ ಹಾನಿಯಾಗುವ ಸಂಭವವಿದೆ. ಎರಡು ಗಂಟೆಗಳ ಕಾಲ ಗಂಟೆಗೆ ಎರಡು ಅಥವಾ ಹೆಚ್ಚು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವ, ಒಂದು ದಿನ ಮೀರಿದ ಜ್ವರ, ದುರ್ವಾಸನೆಯ ಸ್ರಾವ, ಒಂದೇ ಬದಿಯ ಹೊಟ್ಟೆನೋವು, ತಲೆಸುತ್ತು, ಇವುಗಳಲ್ಲಿ ಯಾವುದಿದ್ದರೂ ಕಾರ್ಡಿನ ಫಲಿತಾಂಶಕ್ಕೆ ಕಾಯದೆ 108ಕ್ಕೆ ಕರೆ ಮಾಡಿ. ಒಳಗೆ ಚೂರು ಉಳಿದಿದ್ದರೂ, ಸೋಂಕಾಗಿದ್ದರೂ ಕಾರ್ಡಿನಲ್ಲಿ ಒಂದೇ ಗೆರೆ ಬರಬಹುದು.

ನಮ್ಮ ದೇಶದ ಮಾರ್ಗಸೂಚಿಯಲ್ಲಿ 15ನೆಯ ದಿನದ ಭೇಟಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯಾದರೋ, ತೊಡಕಿಲ್ಲದವರಿಗೆ ಸರಿಯಾದ ಮಾಹಿತಿ ಕೊಟ್ಟಿದ್ದರೆ ಕಡ್ಡಾಯ ಮರುಭೇಟಿ ಬೇಡವೆನ್ನುತ್ತದೆ. ನೀವು ಬರೆದ ಲಕ್ಷಣಗಳು ಸಮಾಧಾನಕರವಾಗಿಯೇ ಇವೆ. ಆದರೂ ಮಾತ್ರೆ ಕೊಟ್ಟ ವೈದ್ಯರಿಗೆ ಇಂದೇ ದೂರವಾಣಿಯಲ್ಲಿ ಇದನ್ನೆಲ್ಲ ತಿಳಿಸಿ. ನಾಲ್ಕು ವಾರದ ನಂತರವೂ ಎರಡು ಗೆರೆ ಬಂದರೆ ಸ್ಕ್ಯಾನಿಂಗ್ ಅಥವಾ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಮೇಡಂ. ವೈದ್ಯರೊಂದಿಗೆ ಮಾತಾಡಿದೆ, ಅವರೂ ಇದನ್ನೇ ಹೇಳಿದರು. ಮುಟ್ಟು ಬರುವವರೆಗೆ ಗರ್ಭ ನಿಲ್ಲುವುದಿಲ್ಲವೆಂದು ಅತ್ತಿಗೆ ಹೇಳುತ್ತಾರೆ. ಅದು ನಿಜವೇ?

ಉತ್ತರ 3ರವರು

ನಿಜವಲ್ಲ. ಮಾತ್ರೆಯ ಗರ್ಭಪಾತವಾದ ಎಂಟೇ ದಿನಗಳಲ್ಲಿ ಅಂಡ ಬಿಡುಗಡೆಯಾಗಬಹುದು. ಹಾಗೆ ಮತ್ತೆ ಗರ್ಭ ನಿಂತರೆ ಕಾರ್ಡಿನ ಗೆರೆಗೆ ಕಾರಣ ಯಾವುದೆಂದು ಹೇಳುವುದೇ ಕಷ್ಟವಾಗುತ್ತದೆ. ಸದ್ಯಕ್ಕೆ ಕಾಂಡೋಮ್ ಬಳಸಿ. ನಿಮಗೆ ಹೊಂದುವ ಗರ್ಭನಿರೋಧಕ ಮಾತ್ರೆ ಯಾವುದೆಂದು ನಿಮ್ಮ ವೈದ್ಯರನ್ನೇ ಕೇಳಿ. ಕಾಪರ್‌-ಟಿ ಬೇಕಿದ್ದರೆ ಗರ್ಭಪಾತ ಪೂರ್ಣವಾಗಿದೆಯೆಂದು ಖಚಿತವಾದ ಮೇಲೆ ಹಾಕಿಸಬಹುದು.