ಪದಚರ್ಚೆ: ‘ಡ್ರೈ ಸಾಕೆಟ್’ ಎಂದರೆ ‘ಒಣ ಗುಳಿ’ಯೇ?

ಹಲ್ಲು ಕೀಳಿಸಿಕೊಂಡವರಿಗೆ ಬರೆದುಕೊಡುವ ಸೂಚನೆಗಳಲ್ಲಿ ‘ಡ್ರೈ ಸಾಕೆಟ್’ (ಹಲ್ಲು ಕಿತ್ತ ಗುಳಿ ಮಾಯದೆ ನೋಯುವ ತೊಂದರೆ) ಅನ್ನು ‘ಒಣ ಗುಳಿ’ ಎಂದು ಕನ್ನಡಿಸುವುದು ಸರಿಯೇ? ಗುಳಿ ಸರಿ, ಕಣ್ಣಗುಳಿ ಇದ್ದ ಹಾಗೆ ಹಲ್ಲುಗುಳಿ. ತಕರಾರು ‘ಒಣ’ದ ಬಗ್ಗೆ. ಗಾಯ ಒಣಗಿತು ಅಂದರೆ ನಮ್ಮಲ್ಲಿ ವಾಸಿಯಾಯಿತು ಎಂದೇ ಅರ್ಥ. ಗುಳಿ ಒಣಗಿದೆ ಎಂದು ಓದಿ ರೋಗಿ ನೆಮ್ಮದಿಯಿಂದ ಮನೆಯಲ್ಲೇ ಉಳಿದರೆ ತಪ್ಪು ಪದದ್ದು.

ಆಗುವುದು ಇದರ ತದ್ವಿರುದ್ಧ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಎಲುಬನ್ನು ಮುಚ್ಚಬೇಕು, ಆ ಹೆಪ್ಪಿನೊಳಗೇ ಹೊಸ ಮಾಂಸ ಬೆಳೆಯಬೇಕು. ಹೆಪ್ಪು ಬೇಗ ಕರಗಿದರೆ ಅಥವಾ ಕಿತ್ತುಬಂದರೆ, ಇಳಿಯುತ್ತಿದ್ದ ನೋವು ಎರಡನೆಯ ಮೂರನೆಯ ದಿನ ತಿರುಗಿ ಏರಿ ಕಿವಿಯವರೆಗೂ ಸಿಡಿಯುತ್ತದೆ, ಬಾಯಿ ನಾರುತ್ತದೆ. ಕಪ್ಪುಗೆಂಪು ಹೆಪ್ಪು ಇರಬೇಕಾದಲ್ಲಿ ಬಿಳಿಚಿದ ಎಲುಬು ಕಾಣುತ್ತದೆ. ಕೆಳದವಡೆಯ ಬುದ್ಧಿಹಲ್ಲು ಕಿತ್ತವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಇದು ಹೆಚ್ಚು.

ಆಡುಮಾತಿನ ‘ನಂಜಾಗಿದೆ’ಯೂ ಹೊಂದದು. ನಂಜು ಅಂದ ಕೂಡಲೇ ಜನ ಬದನೆಕಾಯಿ ಬಿಡುತ್ತಾರೆ, ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ನುಂಗುತ್ತಾರೆ. ಇಲ್ಲಿ ಸಾಮಾನ್ಯವಾಗಿ ಕೀವೂ ಇಲ್ಲ, ಜ್ವರವೂ ಇಲ್ಲ. ದಂತವೈದ್ಯರು ಗುಳಿಯನ್ನು ಸಲೈನ್‌ನಲ್ಲಿ ತೊಳೆದು, ಲವಂಗದೆಣ್ಣೆಯ ಸತ್ವವಾದ ಯೂಜೆನಾಲ್ ಇರುವ ಮದ್ದು ತುಂಬಿದರೆ ನೋವು ಬೇಗ ತಗ್ಗುತ್ತದೆ. ಕೀವು, ಜ್ವರ, ಏರುತ್ತಿರುವ ಬಾವು ಇದ್ದರೆ ಅದು ಬೇರೆ ತೊಂದರೆ, ‘ನಂಜು’ ಅದಕ್ಕಿರಲಿ.

ನನ್ನ ಸೂಚನೆ ‘ಬರಿಗುಳಿ’. ಬರಿ ಮತ್ತು ಕಾಲು ಸೇರಿ ಬರಿಗಾಲು ಆದಂತೆ ಬರಿ ಮತ್ತು ಕುಳಿ ಸೇರಿ ಬರಿಗುಳಿ. ಗುಳಿ ಬರಿದಾಗಿದೆ, ಎಲುಬಿಗೆ ಹೊದಿಕೆಯಿಲ್ಲ ಎಂಬ ಎರಡೂ ಅರ್ಥ ಒಂದೇ ಪದದಲ್ಲಿ ಸಿಗುತ್ತವೆ.

ಇನ್ನೊಂದು ಪದವನ್ನೂ ತಿದ್ದಬೇಕು. ‘ಉಪ್ಪುನೀರಿನಲ್ಲಿ ಮುಕ್ಕಳಿಸಿ’ ಎಂದರೆ ಜನ ಗಳಗಳನೆ ಮುಕ್ಕಳಿಸಿ ಜೋರಾಗಿ ಉಗಿಯುತ್ತಾರೆ. ಆ ರಭಸಕ್ಕೆ ಹೆಪ್ಪು ಕಿತ್ತುಬರಬಹುದು. ಮೊದಲ 24 ಗಂಟೆ ಮುಕ್ಕಳಿಸಲೇಬಾರದು. ಆಮೇಲೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು. ‘ಬಾಯಲ್ಲಿ ತುಂಬಿಕೊಂಡು, ತಲೆ ಅತ್ತಿತ್ತ ವಾಲಿಸಿ, ತಾನಾಗಿ ಸುರಿಯಲು ಬಿಡಿ’ ಎಂದು ಬರೆಯುವುದು ಉದ್ದವಾದರೂ ಸರಿ. ಹೀರುವ ಸೆಳೆತಕ್ಕೂ ಹೆಪ್ಪು ಕಿತ್ತುಬರಬಹುದೆಂದು ಬರೆಯುವ ‘ಸ್ಟ್ರಾ ಬೇಡ’ ಎಂಬಲ್ಲಿ ಎಳನೀರನ್ನು ಹೆಸರಿಸಿದರೆ ಒಳ್ಳೆಯದು. ಲೋಟಕ್ಕೆ ಬಗ್ಗಿಸಿ ಕುಡಿಯಲಿ.

‘ರಕ್ತಗರಣೆ’ಗಿಂತ ‘ಹೆಪ್ಪು’ ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡಿದ್ದೇನೆ. ನಿಮ್ಮ ಕಡೆ ಬೇರೆ ಮಾತಿದೆಯೇ?